ಪಿಯು ಆದ ಮೇಲೆ ರಾಯಚೂರಿನಲ್ಲಿ: ಗಣಿತವೋ, ನರ್ಸಿಂಗೋ, ಬಿಕಾಮೋ?

ಮೊದಲು ಅಂಕಪಟ್ಟಿ ನೋಡಿ. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರಿಗೆ ಬಿಎಸ್ಸಿ ನರ್ಸಿಂಗ್ ಸಿಗುವುದಿಲ್ಲ. ಬಿಕಾಂಗೆ ಅಂಥ ತಕರಾರಿಲ್ಲ.

ನರ್ಸಿಂಗ್ 4 ವರ್ಷ, ಉಳಿದೆರಡು 3. ಆದರೆ ಬಿಎಸ್ಸಿ ಗಣಿತ ಮುಗಿಸಿ ಹೈಸ್ಕೂಲ್ ಮೇಷ್ಟ್ರಾಗಬೇಕೆಂದರೆ ಬಿಎಡ್‌ಗೆ ಇನ್ನೂ 2 ವರ್ಷ ಬೇಕು, ಲೆಕ್ಕ 5ಕ್ಕೆ ಹೋಯಿತು. ಗಣಿತದ ಜೊತೆ ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ಸಿಕ್ಕರೆ ಬಿಡಬೇಡಿ. ಬರೀ ಪ್ರಮೇಯ ಬಾಯಿಪಾಠ ಮಾಡಿದ ಡಿಗ್ರಿಗೆ ಕಂಪನಿಗಳಲ್ಲಿ ಕಿಮ್ಮತ್ತು ಕಡಿಮೆ.

ನರ್ಸಿಂಗ್ ಕಾಲೇಜು ಆರಿಸುವಾಗ ಕಟ್ಟಡದ ಅಂದಕ್ಕೆ ಮರುಳಾಗಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ರೋಗಿಗಳ ನಡುವಿನ ತರಬೇತಿ, ಯಾವ ಆಸ್ಪತ್ರೆಯಲ್ಲಿ? ರಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ನಿಂತರೆ ಹೆರಿಗೆ, ಹಾವು ಕಡಿತ, ಅಪಘಾತ ಎಲ್ಲ ಕಣ್ಣಿಗೆ ಬೀಳುತ್ತವೆ. ಡ್ರಿಪ್ ಹಾಕುವ ಕೈ ಪಳಗುತ್ತದೆ. ಖಾಲಿ ಹಾಸಿಗೆಗಳ ನಡುವೆ ರೆಕಾರ್ಡ್ ಬುಕ್ ತುಂಬಿಸಿದವರಿಗೆ ಆ ಕೈ ಬರುವುದಿಲ್ಲ. ರಾತ್ರಿ ಪಾಳಿ ಒಗ್ಗದವರು ಈಗಲೇ ಯೋಚಿಸಿ.

ಬಿಕಾಮಿನವರು ಓದುತ್ತಲೇ ದುಡಿಯಬಹುದು. ಇಲ್ಲಿನ ಹತ್ತಿ ವ್ಯಾಪಾರ, ಸಿಂಧನೂರಿನ ಅಕ್ಕಿ ಗಿರಣಿ, ಎಲ್ಲ ಕಡೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬಲ್ಲವರು ಬೇಕು. ತಿಂಗಳ 20 ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿ ಖಂಡಿತ. ಶುರುವಿನ ಸಂಬಳ ಮಾತ್ರ ತೆಳು!

ಯಾವುದೇ ಆಗಲಿ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರವನ್ನು ಅರ್ಜಿ ಹಾಕುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.