ಆನ್‌ಲೈನ್ ‘ಬೀ ಹೋಟೆಲ್’: ನಮ್ಮ ಬಿಸಿಲು, ಮಳೆ, ಮಣ್ಣಿಗೆ ಎಷ್ಟು ಹೊಂದುತ್ತದೆ?

ಇಲ್ಲಿ ವಿಮರ್ಶಿಸುತ್ತಿರುವುದು ‘ಬೀ ಹೋಟೆಲ್’, ಅಂದರೆ ಜೇನು ಬಂದು ಗೂಡು ಕಟ್ಟಲೆಂದು ಇಡುವ ಪೆಟ್ಟಿಗೆ, ಎಂದು ಆನ್‌ಲೈನ್‌ನಲ್ಲಿ ಮಾರುವ ಮಾಮೂಲಿ ಮಾದರಿಯನ್ನು. ಸುಮಾರು ಒಂದು ಅಡಿ ಎತ್ತರದ ಕಟ್ಟಿಗೆಯ ಪುಟ್ಟ ಮನೆ, ಇಳಿಜಾರು ಮಾಡು, ಒಳಗೆ ಮೂರು-ನಾಲ್ಕು ಖಾನೆ. ಒಂದರಲ್ಲಿ ಬಿದಿರಿನ ತುಂಡು, ಇನ್ನೊಂದರಲ್ಲಿ ತೂತು ಕೊರೆದ ಕಟ್ಟಿಗೆ, ಉಳಿದವುಗಳಲ್ಲಿ ಪೈನ್ ಕಾಯಿ ಮತ್ತು ತೊಗಟೆ ಚೂರು. ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಹೂರಣ ಹೆಚ್ಚುಕಡಿಮೆ ಇದೇ.

ಜೇನುತುಪ್ಪದ ಆಸೆಗೆ ಇದನ್ನು ಕೊಳ್ಳಬೇಡಿ. ತುಡುವೆ, ಹೆಜ್ಜೇನು ಇದರೊಳಗೆ ಬರುವುದಿಲ್ಲ. ಇದು ಒಂಟಿ ಜೇನುಗಳಿಗೆ. ಅವುಗಳಲ್ಲಿ ರಾಣಿ-ಆಳು ಎಂಬ ಭೇದವಿಲ್ಲ. ಪ್ರತಿ ಹೆಣ್ಣೂ ತನ್ನ ಗೂಡನ್ನು ತಾನೇ ಕಟ್ಟಿ, ಪರಾಗ-ಮಕರಂದದ ಉಂಡೆ ಇಟ್ಟು, ಅದರ ಮೇಲೆ ಒಂದೇ ಮೊಟ್ಟೆ ಇಟ್ಟು ಕೋಣೆ ಮುಚ್ಚುತ್ತದೆ. ಕಾಯಲು ದಂಡು ಇಲ್ಲದ ಕಾರಣ ಇವು ಮೈಮೇಲೆ ಎರಗುವುದೂ ಇಲ್ಲ. ನಮ್ಮ ಧಾರವಾಡ-ಗದಗ ಭಾಗದಲ್ಲಿ ಇಂಥ ಪೆಟ್ಟಿಗೆಗೆ ಬರಬಹುದಾದವು ಎಲೆ ಕತ್ತರಿಸುವ ಜೇನು ಮತ್ತು ಅಂಟು ಬಳಸಿ ಕಟ್ಟುವ ಅದರ ಬಳಗ. ತೊಗರಿ ಹೂವಿನ ದೋಣಿಯಂಥ ಎಸಳನ್ನು ಒತ್ತಿ ಪರಾಗ ತೆಗೆಯುವುದರಲ್ಲಿ ಇವು ನಿಸ್ಸೀಮ. ಹಾಗಾಗಿ ಇಲ್ಲಿಯ ರೈತರಿಗೂ ಇದು ಬರೀ ಹವ್ಯಾಸದ ಮಾತಲ್ಲ.

ಮೊದಲ ದೋಷ ಆಳದ್ದು. ಈ ಮಾದರಿಯ ಬಹುತೇಕ ಪೆಟ್ಟಿಗೆಗಳ ಆಳ 8ರಿಂದ 10 ಸೆಂ.ಮೀ. ಮಾತ್ರ. ಒಂಟಿ ಜೇನಿನ ಹೆಣ್ಣು ಕೊಳವೆಯ ಒಳತುದಿಯಲ್ಲಿ ಹೆಣ್ಣು ಮೊಟ್ಟೆಗಳನ್ನೂ ಬಾಯಿಯ ಹತ್ತಿರ ಗಂಡು ಮೊಟ್ಟೆಗಳನ್ನೂ ಇಡುತ್ತದೆ. ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ್ದರಿಂದ ಗಂಡು. ಯಾವುದನ್ನು ಎಲ್ಲಿ ಇಡಬೇಕೆಂಬುದು ತಾಯಿಯ ಕೈಯಲ್ಲೇ ಇದೆ. ಕೊಳವೆ ಮೋಟಾದರೆ ಗಂಡುಗಳ ಪಾಲು ಹೆಚ್ಚುತ್ತದೆ. ತೂತುಗಳೆಲ್ಲ ಮುಚ್ಚಿ ಪೆಟ್ಟಿಗೆ ಭರ್ತಿಯಾದಂತೆ ಕಂಡರೂ ಮುಂದಿನ ಪೀಳಿಗೆಯಲ್ಲಿ ಗೂಡು ಕಟ್ಟುವ ಹೆಣ್ಣುಗಳೇ ಕಡಿಮೆ. 15 ಸೆಂ.ಮೀ. ಆಳ ಬೇಕೇಬೇಕು.

ಎರಡನೆಯದು, ಬಿದಿರಿನ ತುಂಡುಗಳು ಎರಡೂ ಕಡೆ ತೆರೆದಿರುತ್ತವೆ. ಹಿಂದೆ ಗಾಳಿ-ಬೆಳಕು ಬರುವ ಕೊಳವೆಯನ್ನು ಇವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗಣ್ಣಿನ ಹಿಂದೆಯೇ ಕತ್ತರಿಸಿದ್ದರೆ ಗಣ್ಣೇ ಹಿಂಗೋಡೆ ಆಗುತ್ತಿತ್ತು, ಖರ್ಚೂ ಇರಲಿಲ್ಲ. ಕೊರೆದ ಕಟ್ಟಿಗೆಯ ತೂತಿನಲ್ಲಿ ಸಿಬಿರು ಉಳಿದಿದ್ದರೆ ರೆಕ್ಕೆ ಹರಿಯುತ್ತದೆ, ಹುಳ ಒಮ್ಮೆ ಒಳಹೊಕ್ಕು ವಾಪಸು ಹೋಗುತ್ತದೆ. ಪೈನ್ ಕಾಯಿಯಿಂದ ಜೇನಿಗೆ ಏನೂ ಪ್ರಯೋಜನವಿಲ್ಲ, ಅಲ್ಲಿ ಜೇಡ ಮತ್ತು ಇರುವೆ ಸೇರಿಕೊಳ್ಳುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಇರುವ ಮಾದರಿಯನ್ನಂತೂ ಬಿಟ್ಟೇಬಿಡಿ: ಒಳಗೆ ಬೆವರು ನಿಂತು ಪರಾಗಕ್ಕೆ ಬೂಜು ಹಿಡಿದು ಮರಿ ಸಾಯುತ್ತದೆ.

ಈಗಾಗಲೇ ಕೊಂಡಿದ್ದರೆ ಎಸೆಯಬೇಕಿಲ್ಲ. ಒಳಗಿನದನ್ನೆಲ್ಲ ತೆಗೆದು ಹಿಂಹಲಗೆಗೆ ಒಂದು ಚೌಕಟ್ಟು ಸೇರಿಸಿ ಆಳ ಹೆಚ್ಚಿಸಿ. ಔಷಧ ಹಚ್ಚದ, ಪೂರ್ತಿ ಒಣಗಿದ ಜಾಲಿಯಂಥ ಗಟ್ಟಿ ಕಟ್ಟಿಗೆಯ ತುಂಡನ್ನು ಸಾ ಮಿಲ್‌ನಿಂದ ತನ್ನಿ. ಕತ್ತರಿಸಿದ ತುದಿಗೆ, ಅಂದರೆ ಉಂಗುರ ಕಾಣುವ ಮುಖಕ್ಕೆ, ಕೊರೆಯಬೇಡಿ. ಬಿಸಿಲಿಗೆ ಅಲ್ಲೇ ಸೀಳು ಬಿಟ್ಟು ಪರೋಪಜೀವಿಗಳಿಗೆ ದಾರಿಯಾಗುತ್ತದೆ. ಎಳೆಗೆ ಅಡ್ಡಲಾಗಿ, ತೊಗಟೆ ಇದ್ದ ಬದಿಯಿಂದ ಕೊರೆಯಿರಿ. 4, 6, 8, 10 ಮಿ.ಮೀ. ಬಿಟ್‌ಗಳು ಸಾಕು, 6 ಮತ್ತು 8ರ ತೂತುಗಳು ಹೆಚ್ಚಿರಲಿ, ನಡುವೆ 2 ಸೆಂ.ಮೀ. ಅಂತರವಿರಲಿ. ಬಿಟ್ ಹಿಂಬದಿಗೆ ಹೊರಬರಬಾರದು. ಬಾಯಂಚನ್ನು ಪಾಲಿಶ್ ಪೇಪರಿನಿಂದ ನುಣುಪು ಮಾಡಿ, ಪುಡಿ ಊದಿ ತೆಗೆಯಿರಿ. ವಾರ್ನಿಷ್ ಬೇಡ. 8 ಮಿ.ಮೀ. ತೂತಿಗೆ ಪೆನ್ಸಿಲ್ ಮೇಲೆ ಸುತ್ತಿದ ಬಿಳಿ ಕಾಗದದ ಕೊಳವೆ ತೂರಿಸಿದರೆ ಮರಿಗಳೆಲ್ಲ ಹೊರಬಿದ್ದ ಮೇಲೆ ಹಳೆಯದನ್ನು ಎಳೆದು ಹೊಸದು ಹಾಕಬಹುದು. ನುಸಿ, ಬೂಜು ಮುಂದಿನ ಗೂಡಿಗೆ ದಾಟುವುದಿಲ್ಲ.

ತೂಗುಹಾಕಲು ಬರುವ ಹಗ್ಗವನ್ನು ಬಳಸಬೇಡಿ. ಗಾಳಿಗೆ ಪೆಟ್ಟಿಗೆ ತೂಗಾಡಿದರೆ ಹುಳಕ್ಕೆ ತನ್ನ ತೂತು ಸಿಗುವುದಿಲ್ಲ, ಉಂಡೆಯ ಮೇಲಿನ ಮೊಟ್ಟೆಯೂ ಅಲುಗುತ್ತದೆ. ಎದೆಮಟ್ಟದಲ್ಲಿ ಗೋಡೆಗೋ ಕಂಬಕ್ಕೋ ಸ್ಕ್ರೂ ಹಾಕಿ ಬಿಗಿಯಿರಿ. ಜೊತೆಗೆ ಕೊಡುವ ಸೂಚನಾಪತ್ರದಲ್ಲಿ ‘ದಕ್ಷಿಣಕ್ಕೆ, ಪೂರ್ತಿ ಬಿಸಿಲಿಗೆ’ ಎಂದಿದ್ದರೆ ಅದು ಯುರೋಪಿನ ಚಳಿಗೆ ಬರೆದ ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಗದಗ, ನವಲಗುಂದದ ಕಡೆ ಉಷ್ಣತೆ 40 ಡಿಗ್ರಿಯ ಹತ್ತಿರ ಹೋಗುವಾಗ ಅಂಥ ಗೋಡೆಯ ಮೇಲಿನ ತೆಳು ಹಲಗೆಯ ಪೆಟ್ಟಿಗೆಯಲ್ಲಿ ಮರಿ ಬೇಯುತ್ತದೆ. ಇಲ್ಲಿ ಮುಖ ಪೂರ್ವಕ್ಕಿರಲಿ: ಮುಂಜಾನೆಯ ಬಿಸಿಲಿಗೆ ಹುಳ ಬೇಗ ಮೈ ಕಾಯಿಸಿ ಹಾರುತ್ತದೆ, ಮಧ್ಯಾಹ್ನ ನೆರಳು ಸಿಗುತ್ತದೆ. ಮಿರಗದ (ಮೃಗಶಿರ ಮಳೆಯ) ನಂತರದ ಮಳೆಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬರುವುದರಿಂದ ಬೆನ್ನಿಗೆ ಬೀಳುತ್ತದೆ, ಬಾಯಿಗೆ ಹೊಡೆಯುವುದಿಲ್ಲ. ಮಳೆ ಹೆಚ್ಚಿರುವ ಧಾರವಾಡದಲ್ಲಿ ಮಾಡನ್ನು ಇನ್ನೂ 8-10 ಸೆಂ.ಮೀ. ಮುಂದಕ್ಕೆ ಚಾಚಿಸಿ. ಕಂಬಕ್ಕಾದರೆ ಒಂದು ಗೇಣಿನಷ್ಟು ಗ್ರೀಸ್ ಪಟ್ಟಿ ಬಳಿಯದೆ ಇರುವೆ ನಿಲ್ಲದು.

ಇಷ್ಟೆಲ್ಲ ಸರಿಯಾಗಿದ್ದೂ ಪೆಟ್ಟಿಗೆ ಖಾಲಿ ಉಳಿಯುತ್ತದೆ ಎಂದಾದರೆ ದೋಷ ಪೆಟ್ಟಿಗೆಯದಲ್ಲ, ಸುತ್ತಲಿನ ನೆಲೆಯದು. ಮಾರುವವರು ಹೇಳದ ಮಾತು ಇದೇ. ಸಣ್ಣ ಒಂಟಿ ಜೇನು ಮೇವಿಗೆ ಹೋಗುವುದು ಕೆಲವು ನೂರು ಮೀಟರ್ ಅಷ್ಟೇ. ಒಂದೊಂದು ಕೋಣೆಗೂ ಹತ್ತಾರು ಸಲ ಹೂವಿಗೆ ಹೋಗಿಬರಬೇಕು. ಹೂವು ದೂರವಾದಷ್ಟೂ ದಿನಕ್ಕೆ ಕಟ್ಟುವ ಕೋಣೆ ಕಡಿಮೆ, ಉಂಡೆ ಸಣ್ಣದು. ಅದನ್ನು ತಿಂದು ಬೆಳೆದ ಹುಳವೂ ಸಣ್ಣದು. ಮೇವಿನ ಬರ ಬಂದಾಗ ತಾಯಿ ಕಡಿಮೆ ಆಹಾರ ಸಾಕಾಗುವ ಗಂಡು ಮೊಟ್ಟೆಗಳನ್ನೇ ಹೆಚ್ಚು ಇಡುತ್ತದೆ. ಗೂಡು ಬಿಟ್ಟು ದೂರ ಹೋದ ಸಮಯದಲ್ಲೇ ಪರೋಪಜೀವಿ ಒಳನುಗ್ಗುತ್ತದೆ. ಹಾಗಾಗಿ ಪೆಟ್ಟಿಗೆಯ ದುಡ್ಡಿಗಿಂತ ಮೊದಲು ಸುತ್ತಲಿನ 200-300 ಮೀಟರ್ ಒಳಗೆ ಯಾವ ತಿಂಗಳು ಏನು ಅರಳುತ್ತದೆ ಎಂದು ನೋಡಿ. ಮುಂಗಾರಿನಲ್ಲಿ ಹೆಸರು, ಸೆಣಬು, ತುಂಬೆ. ಆಮೇಲೆ ತೊಗರಿ, ಕುಸುಬಿ. ಹಿಂಗಾರಿ ಸುಗ್ಗಿ ಮುಗಿದ ಮೇಲೆ, ಮಾರ್ಚ್‌ನಿಂದ ಮೇವರೆಗೆ, ಹೊಲ ಬೋಳು. ಈ ಮೂರು ತಿಂಗಳನ್ನು ತುಳಸಿ, ಆವರಿಕೆ, ರತ್ನಗಂಧಿ ತುಂಬಿಕೊಡಬೇಕು. ರತ್ನಗಂಧಿಯಿಂದ ಇನ್ನೊಂದು ಲಾಭ: ಸವರಿ ಬಿಟ್ಟ ಒಣ ಕಡ್ಡಿಯ ಬೆಂಡನ್ನು ಕೊರೆದು ಸಣ್ಣ ಬಡಗಿ ಜೇನು ಗೂಡು ಮಾಡುತ್ತದೆ. ಗುಲಾಬಿ ಎಲೆಯ ಅಂಚು ದುಂಡಗೆ ಕತ್ತರಿಸಿದಂತೆ ಕಂಡರೆ ರೋಗವೆಂದು ಔಷಧ ಹೊಡೆಯಬೇಡಿ; ಆ ಚೂರನ್ನು ಎಲೆ ಕತ್ತರಿಸುವ ಜೇನು ಗೂಡಿನ ಗೋಡೆಗೆಂದು ನಿಮ್ಮ ಪೆಟ್ಟಿಗೆಗೆ ಒಯ್ದಿದೆ. ಗಿಡಕ್ಕೆ ನಷ್ಟವಿಲ್ಲ.

ಮುಚ್ಚಿದ ತೂತುಗಳನ್ನು ಓದುವುದು ಸುಲಭ. ಎಲೆಯ ಬಿಲ್ಲೆಗಳಿದ್ದರೆ ಎಲೆ ಕತ್ತರಿಸುವ ಜೇನು. ಹೊಳೆಯುವ ಅಂಟಾದರೆ ಅಂಟು ಜೇನು. ಮಣ್ಣಾದರೆ ಕಣಜವೂ ಇರಬಹುದು, ಅದು ಕೀಡೆಗಳನ್ನು ಹಿಡಿಯುವುದರಿಂದ ಕೀಳಬೇಡಿ. ಮುಚ್ಚಳದಲ್ಲಿ ಸೂಜಿ ಚುಚ್ಚಿದಂಥ ಕಿರುತೂತು ಕಂಡರೆ ಒಳಗಿನ ಮರಿಯನ್ನು ಪರೋಪಜೀವಿ ಕಣಜ ತಿಂದು ಹೊರಬಂದಿದೆ. ದೊಡ್ಡ ಪೆಟ್ಟಿಗೆಯಲ್ಲಿ ನೂರಾರು ಗೂಡು ಒತ್ತೊತ್ತಾಗಿದ್ದರೆ ಈ ಕಾಟ ಬೇಗ ಹರಡುತ್ತದೆ. ಒಂದು ದೊಡ್ಡದರ ಬದಲು 20-30 ತೂತಿನ ಮೂರು ತುಂಡುಗಳನ್ನು ಬೇರೆ ಬೇರೆ ಕಡೆ ಇಡುವುದು ಒಳ್ಳೆಯದು.

ಇದ್ದಂತೆಯೇ ಬಳಸುವುದಾದರೆ ಈ ಪೆಟ್ಟಿಗೆಗೆ ಐದಕ್ಕೆ ಒಂದೂವರೆ ಅಂಕ, ಮೇಲಿನಂತೆ ಬದಲಿಸಿದರೆ ಮೂರೂವರೆ. ಹಿತ್ತಲು, ಗಿಡಮರ ಇರುವ ಧಾರವಾಡದ ಬಡಾವಣೆಗಳಿಗೆ, ತೊಗರಿ ಹೊಲದ ಅಂಚಿಗೆ ತೆಗೆದುಕೊಳ್ಳಬಹುದು. ಸುತ್ತ ಬರೀ ಕಾಂಕ್ರೀಟ್ ಇರುವ ತಾರಸಿಗೆ ಬೇಡ.

ಬದನೆ, ಟೊಮೆಟೊ ಬೆಳೆಯುವವರಿಗೆ ಈ ಪೆಟ್ಟಿಗೆ ಸರಿಯಾದ ಸಾಮಾನೇ ಅಲ್ಲ. ಆ ಹೂಗಳ ಪರಾಗ ಚೆನ್ನಾಗಿ ಉದುರಲು ಹುಳ ಹೂವನ್ನು ಹಿಡಿದು ಗುಂಯ್‌ಗುಟ್ಟಿ ಅಲುಗಿಸಬೇಕು. ಸಾಕುವ ಜೇನು ಅದನ್ನು ಮಾಡುವುದಿಲ್ಲ, ನೀಲಿ ಪಟ್ಟೆಯ ಜೇನು ಮಾಡುತ್ತದೆ. ಅದು ಮಣ್ಣಿನಲ್ಲಿ ಗೂಡು ತೋಡುವ ಜಾತಿ. ಒಂಟಿ ಜೇನುಗಳಲ್ಲಿ ಹತ್ತರಲ್ಲಿ ಏಳರಷ್ಟು ನೆಲದಲ್ಲೇ ಗೂಡು ಮಾಡುವಂಥವು. ಎರೆ ಹೊಲ ಮಳೆಗೆ ಉಬ್ಬಿ, ಬಿಸಿಲಿಗೆ ಬಿರುಕು ಬಿಡುವುದರಿಂದ ಗೂಡಿಗೆ ಕಷ್ಟದ ನೆಲ. ಅಲ್ಲಿ ಉಳುಮೆ ತಾಗದ ಬದು, ಹಳೆಯ ಮಣ್ಣಿನ ಗೋಡೆಗಳೇ ಆಸರೆ. ಬದುವಿಗೆ ಕಳೆನಾಶಕ ಹೊಡೆಯದೆ, ಬೆಂಕಿ ಹಾಕದೆ, ಅಲ್ಲಲ್ಲಿ ಬರಿ ನೆಲ ಬಿಡಿ. ಜೊತೆಗೆ ಒಂದು ಹಳೆಯ ಕಟ್ಟಿಗೆ ಡಬ್ಬಿಗೆ 15-20 ಸೆಂ.ಮೀ. ದಪ್ಪ ಮಸಾರಿ (ಕೆಂಪು) ಮಣ್ಣನ್ನು ಉಸುಕು ಬೆರೆಸಿ, ಕಲಸಿ ತುಂಬಿ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಪುಡಿ ಬರಬೇಕು. ಬಾರದಿದ್ದರೆ ಹುಳಕ್ಕೂ ತೋಡಲಾಗದು, ಇನ್ನಷ್ಟು ಉಸುಕು ಸೇರಿಸಿ ಮತ್ತೆ ಕಲಸಿ. ಹಸಿಯಿರುವಾಗ 8 ಮಿ.ಮೀ. ಕಡ್ಡಿಯಿಂದ ಎರಡು-ಮೂರು ಸೆಂ.ಮೀ. ಆಳದ ಕುಳಿಗಳನ್ನು ಮಾಡಿ, ಡಬ್ಬಿಯನ್ನು ಅಡ್ಡ ನಿಲ್ಲಿಸಿ, ಮುಖ ಪೂರ್ವಕ್ಕೆ ಮಾಡಿ, ಮಳೆ ತಾಗದ ಚಾವಣಿಯಡಿ ಇಡಿ. ಚಾವಣಿ ತಗಡಿನದಾದರೆ ಕಾಯುತ್ತದೆ, ಅದರ ಮೇಲೆ ಹೆಂಚು ಹೊದಿಸಿ.