ಮಡಚುವ ಅಳಗುಳಿ ಮಣೆ: ಡಬ್ಬದ ಮೇಲಿನ ವಯಸ್ಸು ನಂಬಬೇಡಿ

ಗಾಂಧಿ ಬಜಾರ್, ಮಲ್ಲೇಶ್ವರದ ಕಡೆ ಸಿಗುವ ಮರದ ಮಡಚುವ ಅಳಗುಳಿ ಮಣೆಗೆ ನಮ್ಮ ಅಂಕ 5ಕ್ಕೆ 4. ಒಂದು ಅಂಕ ಕಳೆದದ್ದು ‘3 ವರ್ಷ ಮೇಲ್ಪಟ್ಟವರಿಗೆ, ಬುದ್ಧಿ ಚುರುಕಾಗಲು’ ಎಂಬಂಥ ಬರಹಕ್ಕೆ. ಮೂರರ ಮಗುವಿಗೆ ಇದು ಬೀಜ ಸುರಿದಾಡುವ ತಟ್ಟೆ ಅಷ್ಟೆ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ. ಐದಕ್ಕೆ ಕೊಳ್ಳಿ.

ಕೊಳ್ಳುವಾಗ ಗುಳಿಯೊಳಗೆ ಬೆರಳಾಡಿಸಿ. ತಳ ಬಟ್ಟಲಿನ ಹಾಗೆ ದುಂಡಗಿದ್ದರೆ ಪುಟ್ಟ ಕೈಗೆ ಬೀಜವೆಲ್ಲ ಬಳಿದು ಬರುತ್ತದೆ. ತಳ ಚಪ್ಪಟೆಯಾದರೆ ಅಂಚಿನಲ್ಲಿ ಒಂದೆರಡು ಉಳಿದು ಲೆಕ್ಕ ಕೆಡುತ್ತದೆ. ಸಾಲಿಗೆ 7ರಂತೆ 14 ಗುಳಿ; ಗುಳಿಗೆ 4 ಹಾಕಿದರೆ 56 ಬೀಜ, 5 ಹಾಕಿ ಆಡುವವರಿಗೆ 70. ಗುಲಗಂಜಿ ಕೊಟ್ಟರೆ ಬೇಡವೆನ್ನಿ, ಅಗಿದರೆ ವಿಷ. ಹುಣಸೆ ಬೀಜ ಸಾಕು (ಬೀಜ ತೆಗೆದ ಹುಣಸೆಹಣ್ಣೇ ತರುವ ಮನೆಯಾದರೆ ಅಕ್ಕಪಕ್ಕದಲ್ಲಿ ಕೇಳಬೇಕಾದೀತು).

ಮಣೆಯಿಂದ ಬುದ್ಧಿ ಬೆಳೆಯುತ್ತದೋ ಇಲ್ಲವೋ, ಅದು ಎಲ್ಲಿಗೆ ಬಂದಿದೆ ಎಂಬುದಂತೂ ಕಾಣುತ್ತದೆ. ಚಿಕ್ಕ ಮಗು ‘ಒಂದು, ಎರಡು, ಮೂರು, ನಾಲ್ಕು’ ಎಂದು ಎಣಿಸಿದ ಮೇಲೆ ‘ಒಟ್ಟು ಎಷ್ಟು?’ ಎನ್ನಿ, ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಯ ಅಂಕಿಯೇ ಮೊತ್ತ ಎಂಬುದು ಇನ್ನೂ ತಲೆಗೆ ಹೋಗಿಲ್ಲ. ಐದರ ಮಗುವಿನ ಮುಂದೆ ಆರಾರು ಬೀಜದ ಎರಡು ಸಾಲು ಜೋಡಿಸಿ, ಒಂದು ಸಾಲನ್ನು ಅಗಲಿಸಿ, ‘ಯಾವುದರಲ್ಲಿ ಜಾಸ್ತಿ?’ ಎನ್ನಿ. ‘ಉದ್ದದ್ದರಲ್ಲಿ ಜಾಸ್ತಿ’ ಎನ್ನುವುದೇ ಹೆಚ್ಚು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ತೋರಿಸಿಕೊಟ್ಟ ಈ ತಪ್ಪು ಸಾಮಾನ್ಯವಾಗಿ ಆರೇಳು ವರ್ಷದವರೆಗೂ ಇರುತ್ತದೆ; ಗದರಿದರೆ ಹೋಗುವುದಿಲ್ಲ. ಪ್ರಶ್ನೆಯನ್ನು ಒಂದೇ ಸಲ, ಅಗಲಿಸಿದ ಮೇಲೆ ಕೇಳಿ. ಮೊದಲೂ ಕೇಳಿ ಆಮೇಲೂ ಕೇಳಿದರೆ, ‘ಆಗ ಹೇಳಿದ್ದು ತಪ್ಪಿರಬೇಕು’ ಎಂದುಕೊಂಡು ಮಗು ಉತ್ತರ ಬದಲಿಸುವುದುಂಟು.

ಏಳೆಂಟರ ಮಕ್ಕಳು ತುಂಬಿದ ಗುಳಿಗೇ ಕೈ ಹಾಕುತ್ತಾರೆ. ಹತ್ತರ ಹೊತ್ತಿಗೆ ಬೀಜ ಮುಟ್ಟದೆ, ಗುಳಿಗೊಂದರಂತೆ ಹಂಚುತ್ತ ಕಣ್ಣಲ್ಲೇ ಒಂದು ಸುತ್ತು ಹೋಗಿ, ಕೊನೆಯ ಬೀಜ ಎಲ್ಲಿ ಬೀಳುತ್ತದೆ, ಅದರ ಮುಂದಿನ ಗುಳಿ ಖಾಲಿಯೇ ಎಂದು ನೋಡತೊಡಗುತ್ತಾರೆ. ಖಾಲಿಯಿದ್ದರೆ ಅದರಾಚೆಯ ಗುಳಿಯದ್ದು ಗೆದ್ದ ಹಾಗೆ. ಎದುರಿನದ್ದೂ ಸೇರಬೇಕೇ ಎಂಬುದು ಮನೆಮನೆಗೆ ಬೇರೆ, ಮೊದಲೇ ಮಾತಾಡಿಕೊಳ್ಳಿ.

ನಡುವಿನ ಕೀಲಿನ ಸ್ಕ್ರೂ ಸಡಿಲವಾದರೆ ಮಣೆ ಅಲುಗಿ ಬೀಜ ಪಕ್ಕದ ಗುಳಿಗೆ ಹಾರುತ್ತದೆ, ಹತ್ತರವರು ಹೂಡಿದ ಲೆಕ್ಕವೆಲ್ಲ ಜಗಳವಾಗುತ್ತದೆ. ಮಡಚದ, ಒಂದೇ ಹಲಗೆಯ ಮಣೆ ಸಿಕ್ಕರೆ ಅದನ್ನೇ ತನ್ನಿ.