ಬಬಲ್ ಟೀ: ಶೇ 30 ಸಕ್ಕರೆ ಅಂದರೆ ಸಾಲದು

ಬಬಲ್ ಟೀ ಕೌಂಟರಿನಲ್ಲಿ ‘ಶುಗರ್ ಶೇ 30 ಸಾಕು’ (ಮಾಮೂಲಿ ಹಾಕುವುದರ ಶೇ 30) ಅಂದುಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಆ ಲೆಕ್ಕ ಸಾಮಾನ್ಯವಾಗಿ ಕೊನೆಯಲ್ಲಿ ಸುರಿಯುವ ಸಿರಪ್ಪಿಗೆ ಮಾತ್ರ. ಬೋಬಾ, ಅಂದರೆ ಟೀಯ ತಳದಲ್ಲಿರುವ ಅಗಿಯುವ ಮಣಿಗಳು, ನೆನೆದಿರುವ ಪಾಕ, ಹಣ್ಣಿನ ಸಿರಪ್, ಹಾಲಿನ ಬದಲು ಹಾಕುವ ಕ್ರೀಮರ್ ಪುಡಿಯೊಳಗಿನ ಗ್ಲೂಕೋಸ್ ಇದ್ದಷ್ಟೇ ಇರುತ್ತವೆ. ಹಾಗಾಗಿ ಮೊದಲು ಟೀ, ಆಮೇಲೆ ಟಾಪಿಂಗ್, ಕೊನೆಗೆ ಸಕ್ಕರೆ. ಇದೇ ಕ್ರಮದಲ್ಲಿ ಕುಡಿದು ಹೋಲಿಸಿದ್ದೇವೆ.

ಬ್ರೌನ್ ಶುಗರ್ ಮಿಲ್ಕ್ ಅಥವಾ ಊಲಾಂಗ್ ಮಿಲ್ಕ್ ಟೀ

ಬ್ರೌನ್ ಶುಗರ್ ಮಿಲ್ಕಿನಲ್ಲಿ ಎಷ್ಟೋ ಕಡೆ ಟೀಯೇ ಇರುವುದಿಲ್ಲ. ಕಪ್ಪಿನ ಒಳಗೋಡೆಯ ಮೇಲೆ ಇಳಿಯುವ ಆ ಕಂದು ಪಟ್ಟೆಗಳು ಪಾಕವೇ. ಅದನ್ನು ಕಡಿಮೆ ಮಾಡಿ ಅಂದರೆ ಬಹಳಷ್ಟು ಅಂಗಡಿಗಳಲ್ಲಿ ಆಗುವುದಿಲ್ಲ ಅನ್ನುತ್ತಾರೆ. ಊಲಾಂಗ್ ಎಂಬ ಚೀನೀ ಚಹಾಕ್ಕೆ ಹುರಿದ ಪರಿಮಳ ಇರುವುದರಿಂದ ಶೇ 30ಕ್ಕೆ ಇಳಿಸಿದರೂ ಸಪ್ಪೆ ಅನ್ನಿಸುವುದಿಲ್ಲ. ಬ್ಲ್ಯಾಕ್ ಟೀ ಅಷ್ಟು ಉದಾರಿಯಲ್ಲ: ಹೆಚ್ಚು ಹೊತ್ತು ಕುದಿಸಿಟ್ಟಿದ್ದರೆ ಸಕ್ಕರೆ ಇಳಿದ ಕೂಡಲೇ ಒಗರು ಎದ್ದು ಬರುತ್ತದೆ. ಸಕ್ಕರೆ ಪೂರ್ತಿ ಬೇಡ ಅನ್ನುವವರಿಗೆ ಹಾಲಿಲ್ಲದ ಜಾಸ್ಮಿನ್ ಗ್ರೀನ್ ಟೀಗಿಂತ ಒಳ್ಳೆಯದು ಸಿಗಲಿಲ್ಲ.

ಫ್ರೂಟ್ ಟೀ ಹಗುರ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಪ್ಯಾಶನ್ ಫ್ರೂಟ್, ಮಾವು ಹೆಚ್ಚಾಗಿ ಬಾಟಲಿಯ ಸಿರಪ್ಪಿನಿಂದಲೇ ಬರುತ್ತವೆ. ಕೇಳಿ ನೋಡಿ, ಸಿರಪ್ ಅಂದರೆ ನೇರವಾಗಿ ‘ಶೂನ್ಯ ಸಕ್ಕರೆ’ ಅನ್ನಿ. ಆಗಲೂ ಸಿಹಿ ಸಾಕಷ್ಟಿರುತ್ತದೆ.

ಕ್ರೀಮರ್ ಅಥವಾ ಹಾಲು

ಇಲ್ಲಿ ಹಾಲೇ ಸರಿ, ಎರಡು ಮಾತಿಲ್ಲ. ಕ್ರೀಮರ್ ಪುಡಿ ಅಂದರೆ ಮುಖ್ಯವಾಗಿ ಗ್ಲೂಕೋಸ್ ಸಿರಪ್ ಮತ್ತು ತಾಳೆ ಅಥವಾ ತೆಂಗಿನ ಎಣ್ಣೆಯ ಕೊಬ್ಬು. ನಾಲಿಗೆಯ ಮೇಲೆ ನುಣುಪಾದ ಪೊರೆ ಉಳಿದರೆ ಅದು ಕ್ರೀಮರ್. ಹಾಲು ಹಾಕಿದ್ದು ತುಸು ತೆಳು, ಆದರೆ ಟೀಯ ರುಚಿ ಸ್ಪಷ್ಟ. ಓಟ್ ಮಿಲ್ಕ್ ತಯಾರಿಸುವಾಗ ಪಿಷ್ಟ ಒಡೆದು ಸಕ್ಕರೆಯಾಗುವುದರಿಂದ ಅದಕ್ಕೆ ತನ್ನದೇ ಸಿಹಿ ಇದೆ. ಸಿರಪ್ ಇನ್ನೊಂದು ಹಂತ ಇಳಿಸಬಹುದು.

ಬೋಬಾ ಅಥವಾ ಗ್ರಾಸ್ ಜೆಲ್ಲಿ

ಬೋಬಾ ಮರಗೆಣಸಿನ ಪಿಷ್ಟದ್ದು, ಸೇಲಂನಿಂದ ಬರುವ ನಮ್ಮ ಸಬ್ಬಕ್ಕಿಯ ಸೋದರ. ನಾರು, ಪ್ರೋಟೀನ್ ಇಲ್ಲವೆಂಬಷ್ಟು ಕಡಿಮೆ. ಬೇಯಿಸಿ ಹಾಗೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಒಳಗೆ ಗಟ್ಟಿಯಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೇ ಪಾಕದಲ್ಲಿ ಮುಳುಗಿಸಿಡುತ್ತಾರೆ, ಆ ಪಾಕ ಚಮಚದ ಜೊತೆ ಕಪ್ಪಿಗೂ ಬರುತ್ತದೆ. ‘ಪಾಕ ಸೋಸಿ ಹಾಕಿ’ ಅಂದರೆ ಕೆಲವರು ಹಾಕಿಕೊಡುತ್ತಾರೆ.

ಗ್ರಾಸ್ ಜೆಲ್ಲಿ ತುಳಸಿಯ ಕುಟುಂಬದ ಗಿಡವೊಂದನ್ನು ಕುದಿಸಿ ಮಾಡುವ ಕಪ್ಪು ಜೆಲ್ಲಿ. ನಸುಗಹಿ, ಊಲಾಂಗ್ ಹಾಲಿನ ಟೀಗೆ ಚೆನ್ನಾಗಿ ಹೊಂದುತ್ತದೆ. ಸಿಹಿ ಬೆರೆಸದಿದ್ದರೆ ಕ್ಯಾಲೊರಿ ಬಹಳ ಕಡಿಮೆ. ಅಗಿಯುವ ಸುಖ ಮಾತ್ರ ಬೋಬಾದಷ್ಟಿಲ್ಲ. ಅದು ಬೇಕೇ ಬೇಕೆಂದರೆ ಅರ್ಧ ಬೋಬಾ, ಅರ್ಧ ಜೆಲ್ಲಿ. ಅಲೋವೆರಾ ತುಂಡುಗಳು ಸಾಮಾನ್ಯವಾಗಿ ಸಕ್ಕರೆ ನೀರಿನಲ್ಲಿ ಬರುತ್ತವೆ, ಹೆಸರಿಗೆ ಮರುಳಾಗಬೇಡಿ. ಕಚ್ಚಿದರೆ ಒಡೆಯುವ ಪಾಪಿಂಗ್ ಬೋಬಾದೊಳಗಿರುವುದು ಸಿಹಿ ರಸ. ಟೀಯ ಮೇಲೆ ಹಾಕುವ ಚೀಸ್-ಕ್ರೀಮಿನ ನೊರೆ, ಚೀಸ್ ಫೋಮ್, ಅಪರೂಪಕ್ಕೆ ಸಾಕು.

ಐಸ್ ಮತ್ತು ಕಪ್

ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕಡಿಮೆ ಐಸ್ ಜೊತೆ ಶೇ 30 ಕೇಳಿದರೆ, ತುಂಬ ಐಸ್ ಹಾಕಿದ ಶೇ 50ರ ಹತ್ತಿರಕ್ಕೆ ರುಚಿ ಬರುತ್ತದೆ. ಆದರೆ ಐಸಿನ ಜಾಗಕ್ಕೆ ಹಾಲನ್ನೋ ಕ್ರೀಮರ್ ಟೀಯನ್ನೋ ತುಂಬಿದರೆ ಕ್ಯಾಲೊರಿ ಏರುತ್ತದೆ. ಬರೀ ಟೀ ಆದರೆ ಚಿಂತೆಯಿಲ್ಲ.

ಸಿಂಗಪುರದಲ್ಲಿರುವವರಿಗೆ ಸಕ್ಕರೆ ಲೆಕ್ಕ ಹಾಕುವ ಈ ಕೆಲಸ ಸಲೀಸು. 2023ರ ಡಿಸೆಂಬರ್ 30ರಿಂದ ಅಲ್ಲಿ ಅಂಗಡಿಯಲ್ಲೇ ತಯಾರಿಸುವ ಪಾನೀಯಗಳಿಗೂ ಎ (ಅತ್ಯುತ್ತಮ) ಯಿಂದ ಡಿ ವರೆಗಿನ ನ್ಯೂಟ್ರಿ-ಗ್ರೇಡ್ ಎಂಬ ಪೋಷಣೆಯ ದರ್ಜೆ ಅನ್ವಯಿಸುತ್ತದೆ. 100 ಮಿ.ಲೀ.ಗೆ 5 ಗ್ರಾಂ ಸಕ್ಕರೆ ದಾಟಿದರೆ ಸಿ, 10 ದಾಟಿದರೆ ಡಿ. ಟಾಪಿಂಗ್‌ನ ಸಕ್ಕರೆ ಈ ಗ್ರೇಡಿನಲ್ಲಿ ಸೇರುವುದಿಲ್ಲ, ಮೆನುವಿನಲ್ಲಿ ಬೇರೆಯಾಗಿ ನೋಡಬೇಕು. ಬಿ ಗ್ರೇಡಿನ 500 ಮಿ.ಲೀ. ಕಪ್ಪಿನಲ್ಲೂ 25 ಗ್ರಾಂವರೆಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರು ದಿನಕ್ಕೆ 50 ಗ್ರಾಂ ಮುಕ್ತ ಸಕ್ಕರೆ (ಬೆರೆಸಿದ್ದು, ಜೇನು ಮತ್ತು ಹಣ್ಣಿನ ರಸದ್ದು) ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಹಾಲಿನ ಸಹಜ ಸಕ್ಕರೆ ಆ ಮಿತಿಯಲ್ಲಿ ಬರುವುದಿಲ್ಲವಾದರೂ ಗ್ರೇಡಿನ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ ಹಾಲಿನ ಟೀಯನ್ನು ಹಣ್ಣಿನ ಟೀ ಜೊತೆ ಅಕ್ಷರ ನೋಡಿ ತೂಗಬೇಡಿ. ಬೆಂಗಳೂರಿನಲ್ಲಿ ಈ ಅಕ್ಷರಗಳಿಲ್ಲ. ಚಿಕ್ಕ ಕಪ್ ಕೇಳಿ, ಸಿರಪ್ ಎಷ್ಟು ಪಂಪ್ ಅಂತ ಕೌಂಟರಿನಲ್ಲೇ ವಿಚಾರಿಸಿ. ಪುಟ್ಟ ಮಕ್ಕಳ ಕಪ್ಪಿಗೆ ಬೋಬಾ ಹಾಕಿಸಲೇಬೇಡಿ. ದಪ್ಪ ಸ್ಟ್ರಾದಲ್ಲಿ ಎಳೆದ ರಭಸಕ್ಕೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.